ಆರದ ದೀಪದ ಊರು ಮತ್ತು ನಮ್ಮ ಚಿಗವ್ವ

ಅವತ್ತು ಪಡಸಾಲೆಯಲ್ಲಿ ನಾವು ನಾಲ್ಕು ಮಂದಿ ಇದ್ದೆವು. ಗೋಡೆಗೆ ಒರಗಿ ಕಾಲು ಚಾಚಿ ಬಳ್ಳೊಳ್ಳಿ ಬಿಡಿಸುತ್ತಿದ್ದವಳು ನಮ್ಮ ಚಿಗವ್ವ, ನಮ್ಮವ್ವನ ಬೆನ್ನಿಗೆ ಹುಟ್ಟಿದ ತಂಗಿ. ಅವಳೆದುರು ಮೊರ ಇಟ್ಟುಕೊಂಡು ನಾನು. ಹೊಸ್ತಿಲ ಹತ್ತಿರ ಬಾಜೂ ಮನೆಯ ಆಯಿ. ಆಕೆಯ ವಯಸ್ಸು ಕೇಳಿದರೆ ಪ್ರತಿ ಸಲ ಬೇರೆ ಲೆಕ್ಕ ಸಿಗುತ್ತದೆ. ಟಿವಿಯ ಮುಂದೆ, ರಿಮೋಟು ಯಾರ ಕೈಗೂ ಸಿಗಬಾರದೆಂದು ತೊಡೆಯ ಕೆಳಗೆ ಒತ್ತಿಕೊಂಡು ಕೂತವನು ಚಿಗವ್ವನ ಸಣ್ಣ ಮಗ. ಹಿರಿಯ ಮಗ ಗೋಡೆಯ ಮೇಲೆ ಇದ್ದ, ಮಿಲ್ಟ್ರಿ ಟೋಪಿ ಹಾಕಿಕೊಂಡು, ಗಂಧದ ಹಾರದೊಳಗೆ.

ಊಟ ಮುಗಿದ ಹೊತ್ತು. ಆಶ್ಲೇಷಾ ಮಳೆ ಹಿಡಿದುಕೊಂಡಿತ್ತು, ಗೋವಿನಜೋಳದ ಹೊಲಕ್ಕೆ ಕಾಲಿಡುವ ಹಾಗಿರಲಿಲ್ಲ. ಆಗಸ್ಟ್ ಹದಿನೈದರ ಝಂಡಾಕ್ಕೆ ವಾರವೂ ಉಳಿದಿರಲಿಲ್ಲ. ಆ ಹೊತ್ತಿಗೆ ನಾನು ಹಾನಗಲ್ಲಿನಿಂದ ಹೊರಟು ಮಾಸೂರಿನ ಹತ್ತಿರದ ಚಿಗವ್ವನ ಊರಿಗೆ ಬಂದು ಅವಳ ಜೊತೆ ನಾಲ್ಕು ದಿನ ಇರುವುದು ಪ್ರತಿ ವರ್ಷದ ರೂಢಿ.

ಟಿವಿಯಲ್ಲಿ ಯಾವುದೋ ಪರದೇಶದ ಧಾರಾವಾಹಿ, ಆಕಾಶದಲ್ಲಿ ಹಡಗು ನಡೆಸುವವರದು. ಮಾತನ್ನು ಕನ್ನಡಕ್ಕೆ ತಿರುಗಿಸಿದ್ದರು. "ಮಹನೀಯರೇ, ನಾವು ಶಾಂತಿಯನ್ನು ಅರಸಿ ಬಂದಿದ್ದೇವೆ" ಎಂದ ಹಡಗಿನ ಯಜಮಾನ.

"ಇವ್ರು ಯಾ ಕಡೇವ್ರೋ ತಮ್ಮಾ?" ಆಯಿ ಕೇಳಿದಳು.

"ನಕ್ಷತ್ರದ ಕಡೇವ್ರು, ಆಯಿ."

"ಮತ್ತ ಬೆಂಗಳೂರವ್ರಂಗ ಯಾಕ ಮಾತಾಡ್ತಾರ?"

"ನೀ ಅಲ್ಲಿಗೆ ಹೋಗಿ ನಮ್ಮ ಮಾತು ಕಲಿಸಿ ಬಾ."

"ಎಲ್ಲಾರೂ ಒಂದ ಥಾನಿನ್ಯಾಗ ಅಂಗಿ ಹೊಲಿಸ್ಯಾರ ನೋಡವಾ. ಥೇಟ್ ಮದವಿ ಬ್ಯಾಂಡಿನವ್ರು" ಎಂದಳು ಆಯಿ ನನ್ನ ಕಡೆ ತಿರುಗಿ.

ನಾವು ನಕ್ಕೆವು. ಚಿಗವ್ವನೂ ನಕ್ಕಳು. ಆಮೇಲೆ ಕತೆ ಹಿಡಿದುಕೊಂಡಿತು.

ಆ ಹಡಗಿನವರು ಒಂದು ಊರಿನ ಮೇಲೆ ಬರುತ್ತಾರೆ. ಅಲ್ಲಿ ಸೂರ್ಯ ಸರಿಯಾಗಿ ಮೂಡುವುದಿಲ್ಲ, ಹಗಲೂ ಮುಚ್ಚಂಜೆಯೇ. ಆದರೂ ಊರ ತುಂಬ ದೀಪ. ಇಂಥಾ ಚಂದದ ಊರು ಎಲ್ಲಿಯೂ ಕಂಡಿಲ್ಲ ಎಂದು ಬೆರಗಾಗಿ ಕೆಳಗಿಳಿಯುತ್ತಾರೆ. ಇಳಿದರೆ ಗೊತ್ತಾಗುವುದು, ಅದು ಯುದ್ಧದ ಊರು. ಮುತ್ತಜ್ಜನ ಕಾಲದಿಂದ ಯಾರೊಂದಿಗೋ ಯುದ್ಧ, ವೈರಿಯ ಮುಖ ಕಂಡವರು ಒಬ್ಬರೂ ಉಳಿದಿಲ್ಲ. ಹೋದ ಮಗ ಸತ್ತರೆ ಸರಕಾರದವರು ಆ ಮನೆಯ ಜಂತಿಗೆ ಒಂದು ದೀಪ ತಂದು ತೂಗು ಹಾಕುತ್ತಾರೆ. ಅದಕ್ಕೆ ಎಣ್ಣೆ ಬೇಡ, ಬತ್ತಿ ಬೇಡ, ಅದು ಆರುವುದೂ ಇಲ್ಲ. ಅದರ ಬೆಳಕಲ್ಲಿ ಓಣಿಯ ಹುಡುಗಿಯರು ಓದುತ್ತಾರೆ, ನೇಕಾರರು ನೇಯುತ್ತಾರೆ, ಅಂಗಡಿಗಳು ನಡೆಯುತ್ತವೆ. ದೀಪದ ಮನೆಯ ತಾಯಿಗೆ ನೀರಿನ ಪಾಳಿಯಲ್ಲಿ ಮೊದಲ ಜಾಗ, ಕಂಡಲ್ಲಿ ಎಲ್ಲರ ಕೈಮುಗಿತ.

ಅಂಥ ಒಬ್ಬ ತಾಯಿ ಹಡಗಿನ ಯಜಮಾನನನ್ನು ಒಳಗೆ ಕರೆದು ಕೂಡಿಸುತ್ತಾಳೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರುತ್ತಾಳೆ. ಯಾಕಮ್ಮಾ ಎಂದರೆ, ಇದು ಬಂದಾಗಿನಿಂದ ನಿದ್ದೆ ಇಲ್ಲ, ರೆಪ್ಪೆ ಮುಚ್ಚಿದರೂ ಒಳಗೆ ಬರುತ್ತದೆ ಎನ್ನುತ್ತಾಳೆ. ಮಾತಾಡುತ್ತ ಮಾತಾಡುತ್ತ ಎದ್ದವಳೇ ಒನಕೆಯಂಥದ್ದೊಂದು ತೆಗೆದುಕೊಂಡು ದೀಪ ಒಡೆದುಬಿಡುತ್ತಾಳೆ. ಓಣಿ ಕತ್ತಲಾಗುತ್ತದೆ. ಮಂದಿ ಬಾಗಿಲು ಬಡಿಯುತ್ತಾರೆ. ಯಾರೂ ಅವಳ ಮಗನ ಸುದ್ದಿ ಎತ್ತುವುದಿಲ್ಲ. ನಮ್ಮ ಬೆಳಕು, ನಮ್ಮ ಬೆಳಕು ಎಂದೇ ಕೂಗು. ಕಡೆಗೆ ಒಬ್ಬ ಅಧಿಕಾರಿ ಬರುತ್ತಾನೆ, ಬಲು ಮೆತ್ತಗಿನ ಮನುಷ್ಯ. ಚೂರುಗಳನ್ನು ಬಗ್ಗಿ ನೋಡಿ, "ಚಿಂತೆ ಬೇಡ ತಾಯೀ, ಹೊಸದು ಹಚ್ಚೋಣ. ಮನೆಯಲ್ಲಿ ಇನ್ನು ಯಾರಿದ್ದಾರೆ?" ಎಂದು ಕೇಳುತ್ತಾನೆ.

ಆಗ ಒಳಗಿನ ಕೋಣೆಯಿಂದ ಅವಳ ಮಗಳು ಇಣುಕುತ್ತಾಳೆ.

ಹಡಗಿನ ಯಜಮಾನ ಒಂದು ಭಾಷಣ ಮಾಡಿ, ಕಣ್ಣಲ್ಲಿ ನೀರು ತಂದುಕೊಂಡು, ಹಡಗು ಹತ್ತಿ ಹೊರಡುತ್ತಾನೆ. ಮೇಲಿನಿಂದ ನೋಡಿದರೆ ಊರು ಮತ್ತೆ ಚಂದ.

"ಹೋದ್ರಾ?" ಆಯಿ ಎರಡೂ ಕೈ ನೆಲಕ್ಕೂರಿ ಮುಂದಕ್ಕೆ ಬಂದಳು. "ಅಕೀನ್ನ ಅಲ್ಲೇ ಬಿಟ್ಟು ಹೋದ್ರಾ? ಹುಡುಗೀನ್ನಾದ್ರೂ ಹತ್ತಿಸಿಕೊಂಡು ಹೋಗಬೇಕಿಲ್ಲ, ಹಾಟ್ಯಾನ ಮಕ್ಕಳು!"

"ನೋಡಾಕ ಬಂದೋರು ಹೋಗಲೇಬೇಕಲ್ಲ, ಆಯಿ" ಎಂದಳು ಚಿಗವ್ವ. ಅವಳ ಕೈ ಬಳ್ಳೊಳ್ಳಿಯ ಮೇಲೆ ಯಾವಾಗಲೋ ನಿಂತುಹೋಗಿತ್ತು.

ಸಣ್ಣವನಿಗೆ ಬೇಸರ. "ಯುದ್ಧಾನ ತೋರಿಸಲಿಲ್ಲ. ಬೋಗಸ್" ಎಂದು ಚಾನೆಲ್ ತಿರುಗಿಸಿ, ಬೂಟು ಹಾಕಿಕೊಂಡು, ಮಳೆಯಲ್ಲೇ ಓಡಲು ಹೋದ. ಮದಗದ ಕೆರೆಯ ಕಡೆ ಹೋಗುವ ರಸ್ತೆಯಲ್ಲಿ ಮುಂಜಾನೆ ಸಂಜೆ ಓಡುವ ಹುಡುಗರ ಒಂದು ಹಿಂಡೇ ಇದೆ, ಎಲ್ಲರೂ ಮಿಲ್ಟ್ರಿ ಭರ್ತಿಗೆ ತಯಾರಾಗುವವರು. ಅವರಲ್ಲಿ ಇವನೇ ಮುಂದು.

ಈಗ ಹಿಂದಿನದನ್ನು ಹೇಳಬೇಕು.

ಹಿರಿಯ ಮಗ ಗಡಿಯಲ್ಲಿ ತೀರಿಕೊಂಡಾಗ ಪೆಟ್ಟಿಗೆ ಬಂತು, ಅದರ ಮೇಲೆ ಬಾವುಟ. ತೆರೆಯಬೇಡಿ ಎಂದು ಜೊತೆಗೆ ಬಂದವರು ಕೈಮುಗಿದು ಹೇಳಿದರು. ತೆರೆದು ನೋಡುವ ಹಾಗೆ ಉಳಿದಿರಲಿಲ್ಲವಂತೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ, ಕೂಡಿಸಿಯೇ ಮಣ್ಣು ಕೊಡುತ್ತೇವೆ. ಚಿಗವ್ವ ಅವತ್ತು ಅತ್ತಿದ್ದು ಕಡಿಮೆ, ಕೇಳಿದ್ದು ಒಂದೇ: "ನನ್ನ ಮಗನ್ನ ಕುಂದರಿಸ್ರಿ. ಮಲಗಿಸಿ ಕಳಿಸಬ್ಯಾಡ್ರಿ." ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಪೆಟ್ಟಿಗೆಯೊಂದಿಗೇ ಮಲಗಿಸಿ ಮಣ್ಣು ಹಾಕಿದರು. ಬಂದೂಕು ಹಾರಿಸಿದರು. ಜೈಕಾರ ಹಾಕಿದರು.

ಮರು ವರ್ಷ ಊರ ಅಗಸಿ ಬಾಗಿಲ ಮುಂದೆ ಅವನ ಹೆಸರಿನ ವೃತ್ತವಾಯಿತು. ಝಂಡಾದ ದಿನ ಅಲ್ಲೇ ಸಭೆ. ಮುಂದೆ ನಿಂತು ನಡೆಸಿದವನು ಚಿಗವ್ವನ ಮೈದುನ, ನಮಗೆ ಕಾಕಾ, ಪಂಚಾಯತಿ ಮೆಂಬರು. ಚಿಗವ್ವನನ್ನು ವೇದಿಕೆ ಹತ್ತಿಸಿ, ಸಿಂಹಾಸನದಂಥ ಕೆಂಪು ಕುರ್ಚಿಯಲ್ಲಿ ಕೂಡಿಸಿ, ಮೈಕು ಕೊಟ್ಟರೆ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಆಗ ಕಾಕಾ ಹಿಂದೆ ನಿಂತು ಕಿವಿಯಲ್ಲಿ ಹೇಳಿಕೊಟ್ಟ. ಇವಳು ಮದುವೆಯಲ್ಲಿ ಅಯ್ಯನವರು ಹೇಳಿದ್ದನ್ನು ತಿರುಗಿ ಹೇಳುವ ಹಾಗೆ ಹೇಳಿದಳು: "ನನಗ ಇನ್ನೊಬ್ಬ ಮಗ ಅದಾನ. ಅವನ್ನೂ ದೇಶಕ್ಕ ಕೊಡ್ತೇನಿ." ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಇನ್ನೊಬ್ಬ ಮಗ ಆಗ ಸಾಲೆಯ ಹುಡುಗರ ಸಾಲಿನಲ್ಲಿ ಕೂತು ಪೆಪ್ಪರಮೆಂಟು ಚೀಪುತ್ತಿದ್ದ.

ಅಂದಿನಿಂದ ಪ್ರತಿ ವರ್ಷ ಅದೇ ಮಾತು. ಆ ಮಾತು ಬಾರದಿದ್ದರೆ ಸಭೆ ಮುಗಿದ ಹಾಗೇ ಅಲ್ಲ.

ಅವಳು ಯಾಕೆ ಹೇಳುತ್ತಿದ್ದಳು ಎಂದರೆ, ಉಡಿಗಾಗಿ. ಇದನ್ನು ಅವಳೇ ನನ್ನ ಮುಂದೆ ಒಪ್ಪಿಕೊಂಡಿದ್ದಳು. ಗಂಡ ಸತ್ತಾಗ ಸಣ್ಣವ ತೊಟ್ಟಿಲಲ್ಲಿದ್ದ. ಆಗಿನಿಂದ ಅವಳಿಗೆ ಯಾರೂ ಉಡಿ ತುಂಬಲಿಲ್ಲ. ಮದುವೆ ಸೀಮಂತಗಳಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ ಇಟ್ಟ ತಾಟು ಸಾಲಾಗಿ ಕೂತ ಹೆಂಗಸರ ಮುಂದೆ ಬರುತ್ತದೆ. ಇವಳ ಹತ್ತಿರ ಬಂದಾಗ ತಾಟು ಹಿಡಿದವರ ಕಣ್ಣು ಬೇರೆ ಕಡೆ ಹೊರಳುತ್ತದೆ. ಅದು ಬರುವ ಮೊದಲೇ ಚಿಗವ್ವ ಎದ್ದು, ಸಾರು ಕುದಿಯುತ್ತಿದೆಯೇ ನೋಡುವೆನೆಂದು ಒಳಗೆ ಹೋಗುತ್ತಿದ್ದಳು. ಅಂಥವಳಿಗೆ ಆ ವೇದಿಕೆಯ ಮೇಲೆ ಊರ ಮುತ್ತೈದೆಯರು ಬಂದು, ಹಣೆಗೆ ವಿಭೂತಿ ಇಟ್ಟು, ಸೆರಗೊಡ್ಡಿಸಿ ಉಡಿ ತುಂಬಿದರು. ವೀರಮಾತೆಗೆ ಈ ಕಟ್ಟು ಇಲ್ಲ ಎಂದು ಕಾಕಾ ತೀರ್ಪು ಕೊಟ್ಟಿದ್ದ. ಕೆಳಗಿಳಿದ ಮೇಲೆ ಕಟ್ಟು ಮತ್ತೆ ಇತ್ತು. ಅದೇ ಹೆಂಗಸರು, ಅದೇ ತಾಟು, ಅದೇ ಹೊರಳುವ ಕಣ್ಣು.

"ವರ್ಷಕ್ಕೊಮ್ಮಿ ನನ್ನ ಉಡಿ ಭಾರ ಆಗ್ತೈತಿ ನೋಡವಾ" ಎಂದಿದ್ದಳು ನನಗೆ. "ಅದೊಂದು ಮಾತು ಅಂದ್ರ ಏನಾತು? ಹುಡುಗ ಸಣ್ಣಾವ ಅದಾನ ಅಂತಿದ್ನಿ."

ಹುಡುಗ ಸಣ್ಣವನಾಗಿ ಉಳಿಯಲಿಲ್ಲ.

ಅವತ್ತು ಧಾರಾವಾಹಿ ಮುಗಿದ ಸ್ವಲ್ಪ ಹೊತ್ತಿಗೆ ಕಾಕಾ ಕೊಡೆ ಝಾಡಿಸುತ್ತ ಬಂದ.

"ವೈನಿ, ಈ ಸಲ ಎಮ್ಮೆಲ್ಲೆ ಸಾಹೇಬ್ರು ಬರೂದು ಪಕ್ಕಾ ಆತ್ರಿ. ನಿಮ್ಮ ಮಾತು ಮುಗೀತಿದ್ದಂಗ ಊರಿಗೆ ಸಮುದಾಯ ಭವನ ಕೊಟ್ಟೇನಿ ಅಂತ ಸಾರ್ತಾರ. ಹಂಗ ಜೋಡಿಸಿಟ್ಟೇನಿ."

"ಕುಂದ್ರು. ಚಾ ಕುಡೀತಿಯೇನು?"

"ಚಾ ಇರ್ಲಿ. ಈ ಸಲ ಹುಡುಗನ್ನ ಬಾಜೂಕ ನಿಂದ್ರಿಸಿಕೊಳ್ರಿ. ಅವನ ಕೈ ಮ್ಯಾಲೆತ್ತಿ ಹಿಡದು, ಇವನ್ನೂ ಕೊಟ್ಟೇನಿ ಅನ್ರಿ. ಮುಂದಿನ ತಿಂಗಳ ಭರ್ತಿ ಐತಿ, ಬರೋಬ್ಬರಿ ಕೂಡಿ ಬಂದೈತಿ."

ಚಿಗವ್ವ ಬಳ್ಳೊಳ್ಳಿಯ ಸಿಪ್ಪೆ ಊದಿದಳು. "ನಿನ್ನ ಮಗ ಎಲ್ಲಿ ಅದಾನೋ ಈಗ?"

"ಶಿಗ್ಗಾವ್ಯಾಗ ಗೊಬ್ಬರದ ಅಂಗಡಿ ಹಾಕ್ಯಾನಲ್ರಿ, ನಿಮಗ ಗೊತ್ತಿಲ್ಲೇನು?"

"ಅವ ಭರ್ತಿಗೆ ಹೋಗಲಿಲ್ಲ?"

"ಅವನ ಅಂಗಾಲು ಸಪಾಟ ಐತ್ರಿ ವೈನಿ. ಅಂಥಾವ್ರನ್ನ ತಗೊಳ್ಳಂಗಿಲ್ಲ."

"ದೇವ್ರು ಮನಿ ನೋಡಿ ಕಾಲು ಮಾಡಿರ್ತಾನ" ಎಂದಳು ಚಿಗವ್ವ.

ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕಾಕಾ ನಗಲಿಲ್ಲ. "ಊರ ಕೆಲಸ ಐತ್ರಿ, ಕೆಡಿಸಬ್ಯಾಡ್ರಿ" ಎಂದು ಕೊಡೆ ಬಿಚ್ಚಿದ.

ಸಂಜೆ ಸಣ್ಣವ ಓಡಿ ಬಂದು ತಲೆ ಒರೆಸಿಕೊಳ್ಳುವಾಗ ಚಿಗವ್ವ ನೇರವಾಗಿ ಹೇಳಿದಳು: "ನೀ ಭರ್ತಿಗೆ ಹೋಗಬ್ಯಾಡ."

"ಯಾಕ? ಆ ಟಿವಿ ನೋಡೇನು?"

"ಟಿವಿ ನೋಡಿ ಅಂತನ ತಿಳಕೋ."

"ಅವ್ವಾ, ಅದು ಸುಳ್ಳು ಕತಿ. ನೀ ಹೇಳಿದ್ದು ಖರೇ. ನಾ ಸಾಲ್ಯಾಗ ಐದನೇತ್ತೆ ಇದ್ದಾಗಿಂದ ಪ್ರತಿ ವರ್ಷ ಮೈಕಿನ್ಯಾಗ ನನ್ನ ಕೊಡಾಕತ್ತಿ ನೀನು. ಈಗ ಬ್ಯಾಡ ಅಂದ್ರ?"

"ಅದು ಮಂದಿಗೆ ಅಂದದ್ದೋ."

"ಮಂದ್ಯಾಗ ನಾನೂ ಕುಂತಿದ್ನಲ್ಲ."

ಚಿಗವ್ವ ಅವನ ಕೈಯಿಂದ ಟವೆಲ್ಲು ತೆಗೆದುಕೊಂಡು ತಾನೇ ತಲೆ ಒರೆಸತೊಡಗಿದಳು. ಅವನೂ ಮೆತ್ತಗಾದ. "ಊರಾಗ ನನ್ನ ಹೆಸರು ಹಿಡದು ಯಾರ ಕರೀತಾರ ಹೇಳು? ಹುತಾತ್ಮನ ತಮ್ಮ ಬಂದ, ಹುತಾತ್ಮನ ತಮ್ಮ ಹೋದ. ನಾ ಏನರ ಆಗಬೇಕೋ ಬ್ಯಾಡೋ?"

ಚಿಗವ್ವ ಅವನಿಗೆ ಊಟಕ್ಕಿಟ್ಟಳು. ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದ. ಬಡಿಸುವಾಗ ಚಿಗವ್ವ ನನಗೆ ಮಾತ್ರ ಕೇಳುವ ಹಾಗೆ ಅಂದಳು: "ಮೈಕಿನ್ಯಾಗ ಕೊಟ್ಟದ್ದನ್ನ ಮೈಕಿನ್ಯಾಗ ತಿರುಗಿ ಇಸ್ಕೋಬೇಕು. ಮನ್ಯಾಗ ಹೇಳಿದ್ರ ನಡ್ಯಾಂಗಿಲ್ಲ."

ಝಂಡಾದ ದಿನ ಮಳೆ ಹೊಳವಾಗಿತ್ತು. ಸಾಹೇಬರು ಬರುವುದು ತಡವಾಗಿ ಸಾಲೆಯ ಮಕ್ಕಳು ಬಿಸಿಲಲ್ಲಿ ಬಾಡಿದ್ದರು. ಚಿಗವ್ವ ಇಳಕಲ್ ಸೀರೆ ಉಟ್ಟಿದ್ದಳು. ಸಣ್ಣವನನ್ನು ಕಾಕಾ ಮೊದಲೇ ವೇದಿಕೆಯ ಮೇಲೆ ತಂದು ನಿಲ್ಲಿಸಿದ್ದ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುತ್ತೈದೆಯರು ಬಂದು ಉಡಿ ತುಂಬಿದರು. ಚಿಗವ್ವ ಅದನ್ನು ಸೆರಗಿನಲ್ಲಿ ಗಂಟಿಕ್ಕಿ ಹೊಟ್ಟೆಗೆ ಒತ್ತಿಕೊಂಡು ಮೈಕಿನ ಮುಂದೆ ಬಂದಳು.

"ನಾ ಇಲ್ಲಿ ವರ್ಷಾ ಒಂದು ಮಾತು ಅಂತಿದ್ನಿ" ಎಂದಳು. "ಅದು ನನ್ನ ಮಾತಲ್ಲ. ಕಲಿಸಿದ್ದು. ಒಬ್ಬನ್ನ ಕೊಟ್ಟೇನಿ, ಅವನ ಮಾರಿ ಸೈತ ನನಗ ತೋರಿಸಲಿಲ್ಲ. ಇವನ್ನ ಕೊಡಂಗಿಲ್ಲ. ಅಂದ ಮಾತು ತಿರುಗಿ ತಗೊಂಡೇನಿ. ನೀವೂ ಬಿಟ್ಟುಬಿಡ್ರಿ."

ಸಭೆ ಕೇಳುತ್ತಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ನಾಲ್ಕು ಮಂದಿಯ ಮನಸ್ಸಿಗಾದರೂ ನಾಟುತ್ತಿತ್ತೋ ಏನೋ. ಆದರೆ ಕೊಟ್ಟ ಮಾತಿಗೆ ಪ್ರತಿಯಾಗಿ ಇಸಿದುಕೊಂಡದ್ದನ್ನು ಇಟ್ಟುಕೊಳ್ಳುವುದು ಅವಳ ನ್ಯಾಯಕ್ಕೆ ಸರಿ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ, "ನಿಮ್ಮ ಉಡಿ ನಿಮಗ ಇರ್ಲಿರವಾ" ಎಂದು, ತುಂಬಿದ ಹೆಂಗಸರ ತಾಟಿಗೇ ತಿರುಗಿ ಸುರಿದಳು. ತಾಟು ಹಿಡಿದವಳು ಗಾಬರಿಯಾಗಿ ಹಿಂದೆ ಸರಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು ಎಲ್ಲ ವೇದಿಕೆಯ ಮೇಲೆ ಚೆಲ್ಲಿತು.

ನಮ್ಮ ಕಡೆ ಉಡಿ ಬೇಡ ಎನ್ನುವ ಹಾಗಿಲ್ಲ. ತಿರುಗಿ ಕೊಟ್ಟರಂತೂ ಕೊಟ್ಟವರ ಮನೆತನಕ್ಕೇ ಕೇಡು ಎಂದು ನಂಬಿಕೆ. ಹೆಂಗಸರು "ಅಯ್ಯ ಶಿವನ" ಎಂದು ಬಾಯಿ ಬಾಯಿ ಬಡಿದುಕೊಂಡರು. ಇಬ್ಬರು ಕೂತು, ಕಾಲಿಗೆ ಸಿಕ್ಕೀತೆಂದು, ಅಕ್ಕಿಯ ಒಂದೊಂದೇ ಕಾಳು ಆಯ್ದರು. ಕಾಕಾ ಮೈಕು ಕಸಿದುಕೊಂಡು, "ವೀರಮಾತೆಯವರು ದುಃಖದ ಭರದಲ್ಲಿದ್ದಾರೆ, ದಯವಿಟ್ಟು ಶಾಂತರಾಗಿ" ಎಂದ. ಅವನ ಬಾಯಿಗೂ ಅವತ್ತು ಟಿವಿಯವರ ಕನ್ನಡ ಬಂದುಬಿಟ್ಟಿತ್ತು. ಸಾಹೇಬರು ಗಡಿಯಾರ ನೋಡಿಕೊಂಡು ಸಮುದಾಯ ಭವನ ಸಾರಿಯೇ ಬಿಟ್ಟರು. ಚಪ್ಪಾಳೆಯೂ ಬಿತ್ತು.

ಸಣ್ಣವ ಮನೆಗೆ ಬಂದವನೇ ಬಾಗಿಲಲ್ಲಿ ನಿಂತು, "ಸಾಕ ಆತೇನು?" ಎಂದ.

ಆಮೇಲೆ ಆದದ್ದೇ ನನಗೆ ಇವತ್ತಿಗೂ ಕಹಿ. ಅವಳು ಮಗನನ್ನು ಕೊಡುವುದಿಲ್ಲ ಎಂದದ್ದನ್ನು ಊರಿನಲ್ಲಿ ಒಬ್ಬರೂ ಎತ್ತಲಿಲ್ಲ. ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಗಿರಣಿಯಲ್ಲಿ, ನಲ್ಲಿಯ ಮುಂದೆ, ಹಿರೇಕೆರೂರಿನ ಸಂತೆಗೆ ಹೋಗುವ ಟಂಟಂನಲ್ಲಿ, ಎಲ್ಲಾ ಕಡೆ ಉಡಿಯದೇ ಮಾತು. "ತುಂಬಿದ ಉಡಿ ಚೆಲ್ಲಿದಾಕಿ." "ರಂಡಮುಂಡ್ಯಾಕಿಗೆ ಉಡಿ ತುಂಬಿದ್ದ ತಪ್ಪು ನೋಡ್ರಿ, ಶಾಸ್ತ್ರ ಮೀರಿದ್ದಕ್ಕ ಹಿಂಗಾತು." ತಾಟು ಹಿಡಿದಿದ್ದವಳ ಮೊಮ್ಮಗನಿಗೆ ಜ್ವರ ಬಂದದ್ದೂ ಇದರ ಲೆಕ್ಕಕ್ಕೇ ಬಿತ್ತು. ಒಬ್ಬ ತಾಯಿ ಅಷ್ಟು ಮಂದಿಯ ಎದುರು ಎದೆ ತೆರೆದು ಹೇಳಿದ್ದು ಆ ಹಿಡಿ ಅಕ್ಕಿಯ ಕೆಳಗೆ ಮುಚ್ಚಿ ಹೋಯಿತು. ಬೇಕೆಂದೇ ಮುಚ್ಚಿದರೋ, ಅವರ ಕಿವಿಗೆ ಕೇಳಿಸಿದ್ದೇ ಅಷ್ಟೋ, ನಾನು ತೀರ್ಮಾನಿಸಲಾರೆ. ಒಳ್ಳೆಯ ಮಂದಿಯೇ. ಪೆಟ್ಟಿಗೆ ಬಂದ ದಿನ ಇದೇ ಹೆಂಗಸರು ಚಿಗವ್ವನ ಒಲೆ ಹಚ್ಚಿ ಅಂಬಲಿ ಕುಡಿಸಿದ್ದರು.

ಹೆಪ್ಪಿಗೆ ಮಜ್ಜಿಗೆ ಕೇಳಲು ಬರುವವರು ಬರುವುದು ಬಿಟ್ಟರು. ಬಂದವಳು ಆಯಿ ಒಬ್ಬಳೇ. "ನನಗೂ ಯಾರೂ ಉಡಿ ತುಂಬಂಗಿಲ್ಲ" ಎಂದು ಬೊಚ್ಚು ಬಾಯಿ ತೆರೆದು ನಕ್ಕಳು. "ನಿನ್ನ ಕೇಡು ನನಗೇನ ತಾಗೀತು? ಸರೀ ಆ ಕಡೆ, ಕುಂದರ್ತೇನಿ."

ಮರು ತಿಂಗಳು ಸಣ್ಣವ, ಸವಣೂರಿನಲ್ಲಿ ಗೆಳೆಯನ ಅಕ್ಕನ ಮದುವೆ ಎಂದು ಹೇಳಿ ಹೋದ. ಹೋದದ್ದು ಭರ್ತಿಗೆ. ಓಟದಲ್ಲಿ ಮೊದಲ ಗುಂಪಿನಲ್ಲೇ ಬಂದನಂತೆ. ಪರೀಕ್ಷೆ, ವೈದ್ಯರ ತಪಾಸಣೆ ಎಲ್ಲ ಮುಗಿದು, ಗೋವಿನಜೋಳ ಮುರಿಯುವ ಹೊತ್ತಿಗೆ ತರಬೇತಿಗೆ ಬಾ ಎಂದು ಕರೆ ಬಂತು. ಸುದ್ದಿ ತಿಳಿದು ನಾನು ಮತ್ತೆ ಹೋದೆ.

ಹೋಗುವಷ್ಟರಲ್ಲಿ ಅಗಸಿಯ ಮುಂದೆ ಕಾಕಾ ಫ್ಲೆಕ್ಸು ಕಟ್ಟಿಸಿದ್ದ. ಹಿಂದಿನ ಯಾವುದೋ ವರ್ಷದ ಫೋಟೊ, ಕುರ್ಚಿಯಲ್ಲಿ ಕೂತ ಚಿಗವ್ವ, ಪಕ್ಕದಲ್ಲಿ ಸಣ್ಣವನ ಮುಖ ಕತ್ತರಿಸಿ ಅಂಟಿಸಿದ್ದು. ಚಿಗವ್ವ ಹೊಲಕ್ಕೆ ಹೊರಟವಳು ಅದರ ಮುಂದೆ ನಿಂತಳು.

"ಏನ ಬರದಾರ, ಓದು."

"ಎರಡನೆಯ ಮಗನನ್ನೂ ದೇಶಕ್ಕೆ ಅರ್ಪಿಸಿದ ವೀರಮಾತೆಗೆ ಊರಿನ ನಮನಗಳು" ಎಂದು ಓದಿದೆ.

"ಹೂಂ" ಎಂದಳು. ತಲೆಯ ಮೇಲಿನ ಬುತ್ತಿಯ ಬುಟ್ಟಿ ಸರಿ ಮಾಡಿಕೊಂಡು ಹೊಲದ ಕಡೆ ನಡೆದಳು.

ಅವನು ಹೊರಡುವ ದಿನವೂ ಅವಳು ಹೊಲಕ್ಕೇ ಹೋದಳು. ಮುಂಜಾನೆ ಅವನು ಕಾಲಿಗೆ ಬಿದ್ದಾಗ ತಲೆಯ ಮೇಲೆ ಕೈ ಇಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ. ಹಿರೇಕೆರೂರಿನ ಬಸ್ ನಿಲ್ದಾಣಕ್ಕೆ ಕಾಕಾ ಹುಡುಗರನ್ನು ಕಟ್ಟಿಕೊಂಡು ಬಂದಿದ್ದ. ಹಾರ ಹಾಕಿದರು, ಫೋಟೊ ತೆಗೆದರು. ನಾನು ಹಾನಗಲ್ಲಿಗೆ ಮರಳುವವಳು, ಹಾವೇರಿಯವರೆಗೆ ಅವನ ಜೊತೆ ಒಂದೇ ಬಸ್ಸು. ಹಾರ ತೆಗೆದು ಸೀಟಿನ ಕೆಳಗೆ ಇಟ್ಟ.

"ಅಕ್ಕಾ, ಅವತ್ತು ಅವ್ವ ಅಂದದ್ದು ಬರೋಬ್ಬರಿ ಇತ್ತಲ್ಲ?" ಎಂದ ಒಮ್ಮೆಲೇ.

"ಮತ್ತ ಯಾಕ ಹೊಂಟಿ?"

"ಪಾಸ್ ಆಗಿಬಿಟ್ಟೇನಲ್ಲ ಅಕ್ಕಾ" ಎಂದು ನಕ್ಕ. ಇನ್ನೂ ಮೀಸೆ ಸರಿಯಾಗಿ ಕೂಡಿರಲಿಲ್ಲ ಅವನಿಗೆ.

ಹಾವೇರಿಯಲ್ಲಿ ಇಳಿದೆವು. ನನ್ನ ಚೀಲವನ್ನೂ ಅವನೇ ಹೊತ್ತುಕೊಂಡು ಬಂದು ಹಾನಗಲ್ಲಿನ ಬಸ್ಸಿನಲ್ಲಿಟ್ಟು, ಕಿಟಕಿಯ ಸೀಟು ಹಿಡಿದುಕೊಟ್ಟ. ಆಮೇಲೆ ತನ್ನ ಟ್ರಂಕು ಹೆಗಲಿಗೇರಿಸಿ ರೈಲು ನಿಲ್ದಾಣದ ಕಡೆ ಹೋದ.